ಪಥ್ಯ ಸೋತಿತೆನ್ನುವ ಮೊದಲು ಗಿರಣಿಯನ್ನು ವಿಚಾರಿಸೋಣ

ಕೊಡ್ಲಿ, ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯ ನಾವು ಜೋಳದ ಮಂದಿ. ಬಿಸಿ ರೊಟ್ಟಿ ಇಲ್ಲವೇ ಖಡಕ್ ರೊಟ್ಟಿ, ಪುಂಡಿಪಲ್ಯ, ತೊಗರಿಬೇಳೆ ಇದ್ದರೆ ನಮ್ಮ ಊಟ ಆಯಿತು. ಗೋಧಿ ಬಹಳ ಕಾಲ ಹಬ್ಬದ ಧಾನ್ಯವಾಗಿತ್ತು. ಹೋಳಿಗೆಗೆ, ಹುಗ್ಗಿಗೆ, ಈದಿನ ಸುರಕುಂಬಾದ ಶಾವಿಗೆಗೆ. ಹೀಗಿರುವಾಗ ಗೋಧಿಯಿಂದ ಕರುಳು ಕೆಡುವ ಸೀಲಿಯಾಕ್ ಕಾಯಿಲೆಯ ಮಾತು ನಮಗೇಕೆ ಎಂದು ಓದುಗರು ಕೇಳಬಹುದು.

ಅಂಕಿಗಳೂ ಮೇಲ್ನೋಟಕ್ಕೆ ಹಾಗೆಯೇ ಹೇಳುತ್ತವೆ. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಉತ್ತರ ಭಾರತದಲ್ಲಿ ನೂರರಲ್ಲಿ ಒಬ್ಬರಿಗಿಂತ ಹೆಚ್ಚು ಜನರ ರಕ್ತದಲ್ಲಿ ಈ ಕಾಯಿಲೆಯ ಸುಳಿವು ನೀಡುವ ಪ್ರತಿಕಾಯಗಳು ಕಂಡರೆ, ದಕ್ಷಿಣದಲ್ಲಿ ಸಾವಿರಕ್ಕೆ ಒಬ್ಬರಲ್ಲಿ. ಅಲ್ಲಿನವರು ದಿನಕ್ಕೆ 455 ಗ್ರಾಂ ಗೋಧಿ ತಿಂದರೆ ಇಲ್ಲಿನವರು 25 ಗ್ರಾಂ. ಆದರೆ ಆ 'ದಕ್ಷಿಣ' ಎಂದರೆ ವೆಲ್ಲೂರು. ವೆಲ್ಲೂರಿನ ಅನ್ನದ ತಟ್ಟೆಯನ್ನು ಕಲಬುರಗಿ ಜಿಲ್ಲೆಯ ತಟ್ಟೆಗೆ ಹೋಲಿಸಲಾಗದು. ಈಗ ನಮ್ಮಲ್ಲಿ ಚಪಾತಿ ದಿನನಿತ್ಯದ್ದು, ಚಹಾದ ಜೊತೆ ಬಿಸ್ಕತ್ತು, ಬೇಕರಿಯ ಖಾರಿ ಊರೂರಿಗೂ ಬಂದಿವೆ.

ಗೋಧಿ ಮತ್ತು ಜವೆಗೋಧಿಯಲ್ಲಿರುವ ಗ್ಲುಟೆನ್ ಎಂಬ ಅಂಟು ಪ್ರೋಟೀನನ್ನು ಕೆಲವರ ದೇಹ ವೈರಿಯೆಂದು ಬಗೆಯುತ್ತದೆ. ಆ ಹೋರಾಟದಲ್ಲಿ ಸಣ್ಣಕರುಳಿನ ಒಳಗೋಡೆಯ ಎಳೆಗಳು ಸವೆದು, ತಿಂದದ್ದು ಮೈಗೆ ಹತ್ತುವುದಿಲ್ಲ. ಭೇದಿ, ರಕ್ತಹೀನತೆ, ಬೆಳೆಯದ ಮಕ್ಕಳು. ಇದಕ್ಕಿರುವ ಮುಖ್ಯ ಚಿಕಿತ್ಸೆ ಪಥ್ಯವೊಂದೇ. ಹಕೀಮರು 'ಇಲಾಜ್ ಬಿಲ್ ಗಿಜಾ' ಎನ್ನುವುದು ಇದನ್ನೇ, ಆಹಾರದಿಂದಲೇ ಉಪಚಾರ.

ಈ ಪಥ್ಯದ ಚರಿತ್ರೆಯಾದರೋ ಕಣ್ಣೆದುರಿನ ಗೋಧಿಯನ್ನು ಕಾಣದೆ ಹೋದ ಚರಿತ್ರೆ. 1888ರಲ್ಲಿ ಲಂಡನ್ನಿನ ವೈದ್ಯ ಸ್ಯಾಮ್ಯುಯೆಲ್ ಗೀ ಈ ಕಾಯಿಲೆಯನ್ನು ಸ್ಪಷ್ಟವಾಗಿ ಬಣ್ಣಿಸಿ, ವಾಸಿಯಾಗುವುದಾದರೆ ಆಹಾರದಿಂದಲೇ ಆಗಬೇಕು ಎಂದರು. ಮಾತು ಸರಿ. ಆದರೆ ಅವರು ಅಕ್ಕಿಯನ್ನು ಬೇಡವೆಂದು, ತೆಳ್ಳಗೆ ಕೊಯ್ದು ಎರಡೂ ಬದಿ ಸುಟ್ಟ ಬ್ರೆಡ್ಡನ್ನು ಕೊಡಬಹುದೆಂದರು! ಅವರೇ ಬರೆದಿಟ್ಟ ಇನ್ನೊಂದು ಸಂಗತಿ ಇದೆ. ಒಂದು ಮಗುವಿಗೆ ದಿನವೂ ಒಂದು ಲೀಟರಿಗೂ ಮಿಕ್ಕಿ ಡಚ್ ಚಿಪ್ಪುಮೀನು ತಿನ್ನಿಸಿದಾಗ ಅದು ಚೆನ್ನಾಗಿ ಚೇತರಿಸಿಕೊಂಡಿತು. ಚಿಪ್ಪುಮೀನಿನ ಕಾಲ ಮುಗಿದೊಡನೆ ಮತ್ತೆ ಬಿದ್ದಿತು. ಮರುವರ್ಷ ಆ ಮಗು ಅದನ್ನು ಬಾಯಿಗೇ ಇಡಲಿಲ್ಲವಂತೆ. ಅದರಲ್ಲಿ ಆಶ್ಚರ್ಯವೇನೂ ಇಲ್ಲ.

1924ರಲ್ಲಿ ನ್ಯೂಯಾರ್ಕಿನ ಸಿಡ್ನಿ ಹಾಸ್ ಬಾಳೆಹಣ್ಣಿನ ಪಥ್ಯ ಪ್ರಕಟಿಸಿದರು. ಮಕ್ಕಳು ನಿಜವಾಗಿಯೂ ಬದುಕಿದರು. ಕೀರ್ತಿ ಬಾಳೆಹಣ್ಣಿಗೆ ಹೋಯಿತು, ಜೊತೆಯಲ್ಲೇ ಬ್ರೆಡ್ಡು ನಿಲ್ಲಿಸಿದ್ದನ್ನು ಯಾರೂ ಗಮನಿಸಲಿಲ್ಲ. ಗುಟ್ಟು ಹಿಡಿದವರು ಹಾಲೆಂಡಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ. 1930ರ ದಶಕದಲ್ಲೇ ಅವರಿಗೆ ಗೋಧಿಯ ಮೇಲೆ ಗುಮಾನಿ ಇತ್ತು. 1944-45ರ ಚಳಿಗಾಲದಲ್ಲಿ ಆ ದೇಶ ಹಸಿವಿನಿಂದ ತತ್ತರಿಸುತ್ತಿದ್ದಾಗ, ಬ್ರೆಡ್ಡೇ ಸಿಗದ ದಿನಗಳಲ್ಲಿ ಸೀಲಿಯಾಕ್ ಮಕ್ಕಳು ಮಾತ್ರ ಸುಧಾರಿಸಿದ್ದು ಅವರ ಗುಮಾನಿಯನ್ನು ಗಟ್ಟಿಮಾಡಿತು. 1950ರಲ್ಲಿ ಉಟ್ರೆಕ್ಟ್ ವಿಶ್ವವಿದ್ಯಾಲಯಕ್ಕೆ ಅವರು ಈ ಕುರಿತ ಪ್ರಬಂಧ ಒಪ್ಪಿಸಿದರು. 1952ರಲ್ಲಿ ಬರ್ಮಿಂಗ್‌ಹ್ಯಾಮಿನ ವೈದ್ಯರು ಅಪರಾಧಿ ಗ್ಲುಟೆನ್ನೇ ಎಂದು ತೋರಿಸಿದರು.

ಅಲ್ಲಿಗೆ ಕಥೆ ಮುಗಿಯಬೇಕಿತ್ತು. ಮುಗಿಯಲಿಲ್ಲ, ಏಕೆಂದರೆ ಗೋಧಿ ಬಿಟ್ಟ ಮೇಲೂ ಕೆಲವರು ಸುಧಾರಿಸುವುದಿಲ್ಲ. ವರ್ಷಗಟ್ಟಲೆ ಪಥ್ಯ ಮಾಡಿದರೂ ಅದೇ ಭೇದಿ, ಅದೇ ನಿಶ್ಶಕ್ತಿ. ಆಗ ಮನೆಯಲ್ಲಿ ಮೊದಲ ಗುಮಾನಿ ರೋಗಿಯ ಮೇಲೆ: ಕದ್ದು ತಿಂದಿರಬೇಕು. ಎರಡನೆಯದು ಅಡಿಗೆ ಮಾಡುವವಳ ಮೇಲೆ. ಕಾಯಿಲೆಯೇ ಪಥ್ಯಕ್ಕೆ ಬಗ್ಗದ ಜಾತಿಯದೆಂದು ತೀರ್ಮಾನವಾದರೆ ಸ್ಟೀರಾಯ್ಡಿನಂಥ ಬಲವಾದ ಮದ್ದಿನ ದಾರಿ ತೆರೆಯುತ್ತದೆ.

ಅಮೆರಿಕದ ಮೇರಿಲ್ಯಾಂಡಿನ ವೈದ್ಯರು 2013ರಲ್ಲಿ ಪ್ರಕಟಿಸಿದ ವರದಿ ಇಲ್ಲಿ ಬಹಳ ಮುಖ್ಯ. ಪಥ್ಯ ಮಾಡಿಯೂ ಸುಧಾರಿಸದವರಿಗೆ ಅವರು ಕೆಲವು ತಿಂಗಳ ಮಟ್ಟಿಗೆ ಇನ್ನೂ ಕಠಿಣ ಪಥ್ಯ ಹಾಕಿದರು. ಅಕ್ಕಿ ಬಿಟ್ಟು ಬೇರೆ ಧಾನ್ಯವಿಲ್ಲ. ತಾಜಾ ತರಕಾರಿ, ಹಣ್ಣು, ಮಾಂಸ, ಮೀನು, ಮೊಟ್ಟೆ, ಒಣ ಕಾಳು. ಪೊಟ್ಟಣದ ತಿನಿಸಿಲ್ಲ, ಸಿದ್ಧ ಮಸಾಲೆಯಿಲ್ಲ. 17 ಜನರಲ್ಲಿ 14 ಮಂದಿ ಚೇತರಿಸಿಕೊಂಡರು. 'ಬಗ್ಗದ ಕಾಯಿಲೆ' ಎಂಬ ಹಣೆಪಟ್ಟಿ ಹೊತ್ತಿದ್ದ 6 ಮಂದಿಯಲ್ಲಿ 5 ಜನರಿಗೆ ಆ ಹಣೆಪಟ್ಟಿ ಕಳಚಿತು. ಚೇತರಿಸಿಕೊಂಡ 14ರಲ್ಲಿ 11 ಮಂದಿ ಮುಂದೆ ಸಾಮಾನ್ಯ ಪಥ್ಯಕ್ಕೇ ಮರಳಿದರು. ಎಂದರೆ ಹೆಚ್ಚಿನವರಲ್ಲಿ ತೊಂದರೆ ಮಾಡಿದ್ದು, ಗೋಧಿಯಿಲ್ಲವೆಂದು ನಂಬಿದ ಆಹಾರದೊಳಗೆ ಸೇರಿಕೊಂಡಿದ್ದ ಗೋಧಿ.

ಈಗ ನಮ್ಮ ಊರಿಗೆ ಬರೋಣ. ಜೋಳದಲ್ಲಿ ಸೀಲಿಯಾಕ್ ರೋಗಿಗೆ ಕೆಡುಕಾಗುವ ಪ್ರೋಟೀನಿಲ್ಲ; ಇಟಲಿಯ ಸಂಶೋಧಕರು 2007ರಲ್ಲಿ ರೋಗಿಗಳಿಗೇ ಜೋಳ ಉಣಿಸಿ ನೋಡಿದ್ದಾರೆ. ಸಜ್ಜೆಯೂ ನಿರಪಾಯ. ಅಂಗಡಿಯ ದುಬಾರಿ ಪೊಟ್ಟಣ ಕೊಳ್ಳಲಾಗದವನ ಮನೆಯಲ್ಲೂ ಈ ಕಾಯಿಲೆಯ ಪಥ್ಯ ಸಿದ್ಧವಾಗಿದೆ. ಆದರೆ ಆ ಜೋಳ ಹಿಟ್ಟಾಗುವುದು ಗಿರಣಿಯಲ್ಲಿ. ನಮ್ಮ ಮುಂದಿನ ಡಬ್ಬಿಯದು ಗೋಧಿಯಾಗಿದ್ದರೆ, ಕಲ್ಲಿನ ಸಂದಿಯಲ್ಲಿ, ಹಿಟ್ಟಿಳಿಯುವ ಬಟ್ಟೆಯ ಚೀಲದಲ್ಲಿ ಉಳಿದದ್ದು ನಮ್ಮ ಜೋಳಕ್ಕೆ ಬೀಳುತ್ತದೆ. ಗೋಧಿ ಹಿಟ್ಟಿನ ಸುಮಾರು ಹತ್ತನೇ ಒಂದು ಪಾಲು ಗ್ಲುಟೆನ್. ಕಿಲೋ ಜೋಳದ ಹಿಟ್ಟಿಗೆ ಒಂದೇ ಗ್ರಾಂ ಗೋಧಿ ಹಿಟ್ಟು ಬೆರೆತರೂ 100 ಮಿಲಿಗ್ರಾಂ ಆಯಿತು. ಗ್ಲುಟೆನ್‌ರಹಿತ ಎನ್ನಲು ಕಿಲೋಗೆ 20 ಮಿಲಿಗ್ರಾಂ ಮೀರಬಾರದೆಂಬುದು ನಿಯಮ. ದಿನಕ್ಕೆ 50 ಮಿಲಿಗ್ರಾಮಿನಂತೆ ಮೂರು ತಿಂಗಳು ಹೊಟ್ಟೆಗೆ ಹೋದರೆ ಕರುಳಿಗೆ ಪೆಟ್ಟಾಗುತ್ತದೆಂದು 2007ರ ಇನ್ನೊಂದು ಅಧ್ಯಯನ ಹೇಳಿದೆ. ಅರ್ಧ ಕಿಲೋ ಹಿಟ್ಟಿನ ರೊಟ್ಟಿ ಉಣ್ಣುವ ದುಡಿಮೆಯವನು ಗೋಧಿಯನ್ನು ಮುಟ್ಟದೆಯೂ ಅಲ್ಲಿಗೆ ತಲುಪಿರುತ್ತಾನೆ. ಅಂಗಡಿಯ ಇಂಗಿಗೂ ಮೈದಾ ಬೆರೆಸುವುದುಂಟು, ನಮ್ಮ ದಿನದ ಸಾರಿಗೆ ಅದೇ ಒಗ್ಗರಣೆ.

ಎಲ್ಲವೂ ಗಿರಣಿಯ ತಪ್ಪಲ್ಲ. ಹಾಲು ಜೀರ್ಣವಾಗದಿರುವುದು, ಕರುಳಿನ ಕ್ಷಯ, ಜಿಯಾರ್ಡಿಯಾ ಸೋಂಕು ಇವೂ ಇದೇ ವೇಷದಲ್ಲಿ ಬರುತ್ತವೆ. ಕೆಲವೇ ಜನರಲ್ಲಿ ಕಾಯಿಲೆ ನಿಜಕ್ಕೂ ಪಥ್ಯಕ್ಕೆ ಬಗ್ಗುವುದಿಲ್ಲ. ಅದರ ಒಂದು ಬಗೆ ಕರುಳಿನ ಕ್ಯಾನ್ಸರಿಗೆ ತಿರುಗಬಲ್ಲದು, ಅವರಿಗೆ ದೊಡ್ಡ ಆಸ್ಪತ್ರೆಯೇ ಗತಿ. ಇನ್ನೊಂದು ಮಾತು: ಗುಮಾನಿ ಬಂದ ಕೂಡಲೇ ತಾವಾಗಿಯೇ ಗೋಧಿ ಬಿಟ್ಟು ಆಮೇಲೆ ರಕ್ತಪರೀಕ್ಷೆಗೆ ಹೋದರೆ ಕಾಯಿಲೆ ಇದ್ದರೂ ಸಿಕ್ಕದೆ ಹೋಗಬಹುದು.

ಕಾಯಿಲೆ ಖಚಿತವಾದ ಮನೆಯಲ್ಲಿ ಮಾಡಬೇಕಾದ್ದು ದೊಡ್ಡ ಖರ್ಚಿನದಲ್ಲ. ಜೋಳ ಹಸನು ಮಾಡುವಾಗ ಗೋಧಿ ಕಾಳು ಆರಿಸಿ, ತೊಳೆದು ಒಣಗಿಸಬೇಕು. ಸಾಣಿಗೆ, ಪರಾತ, ತವ ಬೇರೆ ಇರಬೇಕು. ಮೂಲೆ ಸೇರಿದ ಅಜ್ಜಿಯ ಬೀಸುಕಲ್ಲನ್ನು ಹೊರತೆಗೆಯಬಹುದು. ಅದರಲ್ಲೂ ಹಿಂದೆ ಗೋಧಿ ಬೀಸಿದ್ದರೆ ಕಲ್ಲಿನ ಹಲ್ಲುಗಳಲ್ಲಿ ಹಿಟ್ಟು ಉಳಿದಿರುತ್ತದೆ, ಹೊಸ ಕಲ್ಲೇ ವಾಸಿ. ಕಾಯಿಲೆಯವರು ಪೂರ್ತಿ ಸುಧಾರಿಸುವ ತನಕ, ವೈದ್ಯರನ್ನು ಕೇಳಿ, ರೊಟ್ಟಿಯನ್ನೂ ಬದಿಗಿಟ್ಟು ತೊಳೆದ ಅಕ್ಕಿಯ ಅನ್ನ, ಮನೆಯಲ್ಲೇ ಆರಿಸಿದ ತೊಗರಿಬೇಳೆ, ಕುಟ್ಟಿದ ಖಾರದಲ್ಲಿ ದಿನ ಕಳೆಯುವುದುಂಟು. ಈದಿನ ದಿನ ಅವರ ಪಾಲಿನ ಸುರಕುಂಬಾವನ್ನು ಗೋಧಿ ಶಾವಿಗೆ ಬಿಟ್ಟು, ಅಕ್ಕಿ ಶಾವಿಗೆಯಲ್ಲಿ ಬೇರೆ ಪಾತ್ರೆಯಲ್ಲಿ ಕುದಿಸಿದರಾಯಿತು. ಹಾಲು, ಖಜೂರ, ಚಾರೋಳಿ ಅವೇ.