ವೂರೆನ್ ಸೀಮೆಯ ಆರು ಗ್ರಾಮಗಳು

ನದಿಯೂ ಬೆಟ್ಟವೂ ರಾಜ್ಯಗಳಿಗೆ ಎಲ್ಲೆಯಾಗಬಲ್ಲುವು. ಮನುಷ್ಯನ ಮಾತಿಗೆ ಮಾತ್ರ ಕಲ್ಲು ನೆಟ್ಟು ಎಲ್ಲೆಯನ್ನು ಗೊತ್ತುಮಾಡುವುದು ಸುಲಭಸಾಧ್ಯವಲ್ಲ. ಬೆಲ್ಜಿಯಂ ದೇಶದ ಈಶಾನ್ಯ ಮೂಲೆಯಲ್ಲಿರುವ ವೂರೆನ್ ಎಂಬ ಕಿರುಸೀಮೆಯ ಚರಿತ್ರೆಯು ಇದಕ್ಕೆ ಉತ್ತಮ ನಿದರ್ಶನವಾಗಿದೆ.

ಈ ಸೀಮೆಯ ವಿಸ್ತಾರವು ಸುಮಾರು 50 ಚದರ ಕಿಲೋಮೀಟರು. ಜನಸಂಖ್ಯೆ ಸುಮಾರು ನಾಲ್ಕು ಸಾವಿರ. ಪಶ್ಚಿಮದಿಂದ ಪೂರ್ವಕ್ಕೆ ಮೂಲಿಂಗೆನ್, ಸ್-ಗ್ರಾವೆನ್‌ವೂರೆನ್, ಸಿಂಟ್-ಮಾರ್ಟೆನ್ಸ್-ವೂರೆನ್, ಸಿಂಟ್-ಪೀಟರ್ಸ್-ವೂರೆನ್, ಟ್ಯೂವೆನ್, ರೆಮರ್ಸ್‌ಡಾಲ್ ಎಂಬ ಆರು ಗ್ರಾಮಗಳು ಇದರಲ್ಲಿ ಸೇರಿವೆ. ವೂರ್ ಎಂಬ ಹೊಳೆಯು ಸಿಂಟ್-ಪೀಟರ್ಸ್-ವೂರೆನಿನಲ್ಲಿ ಹುಟ್ಟಿ, ನೆದರ್ಲೆಂಡ್ಸ್ ದೇಶವನ್ನು ಹೊಕ್ಕು, ಐಸ್ಡೆನ್ ಬಳಿ ಮಾಸ್ ನದಿಯನ್ನು ಕೂಡುವುದು. ಫಲವತ್ತಾದ ಮಣ್ಣು, ಹುಲ್ಲುಗಾವಲು, ಹಣ್ಣಿನ ತೋಪುಗಳಿಂದ ನೆಲವು ರಮ್ಯವಾಗಿದೆ. ಉತ್ತರಕ್ಕೆ ನೆದರ್ಲೆಂಡ್ಸ್, ದಕ್ಷಿಣಕ್ಕೆ ಲಿಯೇಜ್ ಪ್ರಾಂತ; ತಾನು ಸೇರಿರುವ ಲಿಂಬರ್ಗ್ ಪ್ರಾಂತದೊಡನೆ ಮಾತ್ರ ಇದಕ್ಕೆ ಭೂಸಂಪರ್ಕವೇ ಇಲ್ಲ.

ಗ್ರಾಮಸ್ಥರ ಮನೆಮಾತು ಲಿಂಬರ್ಗೀ ಎಂಬ ಉಪಭಾಷೆ. 'ನಾನು' ಎಂಬುದಕ್ಕೆ ಗ್ರಾಂಥಿಕ ಡಚ್ಚಿನಲ್ಲಿ 'ಇಕ್' ಎಂದಿದ್ದರೆ ಇಲ್ಲಿ ಜರ್ಮನರಂತೆ 'ಇಖ್' ಎನ್ನುವರು. ಆದರೆ 'ಮಾಡು' ಎಂಬ ಅರ್ಥದ ಕ್ರಿಯಾಪದದಲ್ಲಿ ಡಚ್ಚಿನ ಕಕಾರವನ್ನೇ ಉಳಿಸಿಕೊಂಡಿರುವರು. ಪೂರ್ವದ ಆಖೆನ್ ನಗರವನ್ನು ಸೇರುವ ಹೊತ್ತಿಗೆ ಆ ಕಕಾರವೂ ಮಾಯವಾಗುವುದು. ಹೀಗೆ ಒಂದು ಭಾಷೆಯು ಇನ್ನೊಂದರಲ್ಲಿ ಮೆಲ್ಲಮೆಲ್ಲನೆ ಲೀನವಾಗುವುದೇ ಹೊರತು ಎಲ್ಲಿಯೂ ತಟ್ಟನೆ ಕಡಿದುಹೋಗುವುದಿಲ್ಲ. ಉದಾತ್ತಾನುದಾತ್ತಗಳನ್ನು ಬಲ್ಲ ವಾಚಕರಿಗೆ ಕುತೂಹಲವನ್ನುಂಟುಮಾಡುವ ವಿಷಯ ಇನ್ನೊಂದುಂಟು: ಲಿಂಬರ್ಗಿನ ಅನೇಕ ಕಡೆಗಳಲ್ಲಿ 'ಬೈನ್' ಎಂಬ ಶಬ್ದವನ್ನು ಸ್ವರವೆಳೆದು ನುಡಿದರೆ ಒಂದು ಕಾಲು, ಥಟ್ಟನೆ ಸ್ವರವಿಳಿಸಿ ನುಡಿದರೆ ಹಲವು ಕಾಲುಗಳು ಎಂದರ್ಥ.

ಪೂರ್ವಕಾಲದಲ್ಲಿ ಈ ಗ್ರಾಮಗಳಲ್ಲಿ ಕೆಲವು ಡಾಲ್‌ಹೆಮ್ ಕೌಂಟನ ಸೀಮೆಗೂ ಕೆಲವು ಲಿಂಬರ್ಗ್ ಡ್ಯೂಕನ ಸೀಮೆಗೂ ಸೇರಿದ್ದುವು. ಹದಿಮೂರನೆಯ ಶತಮಾನದಲ್ಲಿ ಆ ಎರಡು ಸೀಮೆಗಳೂ ಬ್ರಬಾಂಟಿನ ಡ್ಯೂಕನ ವಶವಾದುವು. 1795ರಲ್ಲಿ ಫ್ರೆಂಚರು ಈ ದೇಶವನ್ನು ತಮ್ಮ ರಾಜ್ಯಕ್ಕೆ ಸೇರಿಸಿಕೊಂಡು, ಲಿಯೇಜ್ ನಗರವೇ ಮುಖ್ಯಸ್ಥಾನವಾದ ಊರ್ತ್ ಜಿಲ್ಲೆಗೆ ಈ ಗ್ರಾಮಗಳನ್ನು ಒಳಪಡಿಸಿದರು. ಭಾಷೆಯನ್ನು ಲೆಕ್ಕಿಸದೆ ಮಾಡಿದ ಈ ಏರ್ಪಾಡು ಫ್ರೆಂಚರು ಹೋದ ಮೇಲೆಯೂ ಉಳಿಯಿತು. 1839ರ ಲಂಡನ್ ಒಡಂಬಡಿಕೆಯಿಂದ ಲಿಂಬರ್ಗ್ ಪ್ರಾಂತವು ಎರಡು ರಾಜ್ಯಗಳಲ್ಲಿ ಹಂಚಿಹೋಗಿ, ಒಂದೇ ಮಾತನ್ನಾಡುವ ನೆರೆಹೊರೆಯವರು ಪರದೇಶೀಯರಾದರು.

ಇಂತಿರಲು, ಸಂತೆಗೂ ಉದ್ಯೋಗಕ್ಕೂ ಕಚೇರಿಗೂ ಲಿಯೇಜ್ ನಗರವೇ ಆಶ್ರಯವಾಗಿದ್ದುದರಿಂದ ಫ್ರೆಂಚ್ ಭಾಷೆಯು ಕ್ರಮೇಣ ಬೇರೂರಿತು. 1930ರ ಜನಗಣತಿಯಲ್ಲಿ ಡಚ್ಚರ ಸಂಖ್ಯೆಯೂ 1947ರ ಗಣತಿಯಲ್ಲಿ ಫ್ರೆಂಚರ ಸಂಖ್ಯೆಯೂ ಅಧಿಕವೆಂದು ಕಂಡುಬಂದಿತು. ಹದಿನೇಳು ವರ್ಷಗಳಲ್ಲಿ ಜನರ ಮನೆಮಾತು ಇಷ್ಟು ಬದಲಾಯಿತೆನ್ನುವುದಕ್ಕಿಂತ, ತಾವು ಯಾರೆಂದು ಹೇಳಿಕೊಳ್ಳುವ ಮನಸ್ಸು ಬದಲಾಯಿತೆನ್ನುವುದೇ ಯುಕ್ತವಾಗಿ ತೋರುವುದು.

1962ರ ಶಾಸನದಿಂದ ಬೆಲ್ಜಿಯಂನ ಭಾಷಾಸೀಮೆಯು ಸ್ಥಿರಗೊಂಡಿತು. 1963ರಲ್ಲಿ ಈ ಗ್ರಾಮಗಳು ಲಿಯೇಜಿನಿಂದ ಲಿಂಬರ್ಗಿಗೆ ವರ್ಗವಾದುವು. ಫ್ರೆಂಚರಿಗೆ ಕೆಲವು ಭಾಷಾಸೌಕರ್ಯಗಳನ್ನು ಕಾದಿರಿಸಲಾಯಿತು. ಗ್ರಾಮಸ್ಥರಲ್ಲಿ ಅನೇಕರು ಇದನ್ನು ಒಪ್ಪಲಿಲ್ಲ. 1977ರಲ್ಲಿ ಆರು ಗ್ರಾಮಗಳೂ ಒಂದೇ ಪುರಸಭೆಯಾದುವು. 1982ರ ಚುನಾವಣೆಯಲ್ಲಿ ಲಿಯೇಜಿಗೆ ಮರಳಬೇಕೆನ್ನುವ ಪಕ್ಷವು ಗೆದ್ದಿತು. ಅದರ ನಾಯಕ ಜೋಸೆ ಹಪ್ಪಾರ್ ಪುರಾಧ್ಯಕ್ಷರಾದರು. ಅವರು ಡಚ್ ಭಾಷಾಜ್ಞಾನವನ್ನು ಪರೀಕ್ಷೆಗೊಡ್ಡಲು ನಿರಾಕರಿಸಿದುದರಿಂದ 1986ರಲ್ಲಿ ರಾಜ್ಯದ ಉಚ್ಚ ಆಡಳಿತ ನ್ಯಾಯಾಸ್ಥಾನವು ನೇಮಕವನ್ನು ರದ್ದುಪಡಿಸಿತು. ಈ ವಿವಾದವು ಬೆಳೆದು, 1987ರಲ್ಲಿ ಪ್ರಧಾನಿ ವಿಲ್ಫ್ರೀಡ್ ಮಾರ್ಟೆನ್ಸರ ಮಂತ್ರಿಮಂಡಲವೇ ಉರುಳಿಬಿದ್ದಿತು. ನಾಲ್ಕು ಸಾವಿರ ಜನರ ಕಲಹವು ಒಂದು ರಾಜ್ಯದ ಸರ್ಕಾರವನ್ನು ಕೆಡಹಿದುದು ಸಾಮಾನ್ಯವಲ್ಲ!

2000ದಲ್ಲಿ ಯೂರೋಪಿಯನ್ ಒಕ್ಕೂಟದ ಇತರ ದೇಶೀಯರಿಗೂ ಮತಾಧಿಕಾರ ದೊರೆಯಲು, ಇಲ್ಲಿ ನೆಲಸಿದ್ದ ನೆದರ್ಲೆಂಡ್ಸಿನವರ ಸಹಾಯದಿಂದ ಡಚ್ ಪಕ್ಷವು ಬಹುಮತವನ್ನು ಪಡೆಯಿತು. ಬಳಿಕ ಕಲಹವು ಶಮನವಾಗುತ್ತ ಬಂದಿತು.

ಈ ವಾದದಲ್ಲಿ ಉಭಯಪಕ್ಷದವರೂ ಕಾದಾಡಿದುದು ಗ್ರಾಂಥಿಕ ಡಚ್ಚಿಗಾಗಿ ಅಥವಾ ಗ್ರಾಂಥಿಕ ಫ್ರೆಂಚಿಗಾಗಿ. ಅಜ್ಜಿಯು ಒಲೆಯ ಮುಂದೆ ಆಡುತ್ತಿದ್ದ ಲಿಂಬರ್ಗಿಯ ಹೆಸರನ್ನು ಯಾರೂ ಧ್ವಜದ ಮೇಲೆ ಬರೆಯಲಿಲ್ಲ. 1997ರಲ್ಲಿ ನೆದರ್ಲೆಂಡ್ಸ್ ಸರ್ಕಾರವು ಅದನ್ನು ಪ್ರಾದೇಶಿಕ ಭಾಷೆಯೆಂದು ಅಂಗೀಕರಿಸಿತು. ಬೆಲ್ಜಿಯಂನಲ್ಲಿ ಅದಕ್ಕೆ ಆ ಪದವಿಯಿಲ್ಲ. ಹೊಳೆಯೊಡನೆ ಎಲ್ಲೆಯನ್ನು ದಾಟಿದರೆ ಭಾಷೆಯೆನ್ನಿಸಿಕೊಳ್ಳುವ ಮಾತು ಇತ್ತ ಬಂದರೆ ಬರಿಯ ಆಡುನುಡಿ. ಗಣತಿಯ ಕಾಗದದಲ್ಲಿ ಜಾಗ ದೊರೆಯದ ಆ ನುಡಿಯೇ ಆರು ಗ್ರಾಮಗಳನ್ನು ಶತಮಾನಗಳ ಕಾಲ ಒಂದಾಗಿ ಹಿಡಿದಿತ್ತೆಂಬುದನ್ನು ವಿಚಾರವಂತರು ಮರೆಯಲಾಗದು.