ರಸ್ತೆ ಗುಂಡಿ, ಬಾರದ ನೀರು, ಉರಿಯದ ಬೀದಿ ದೀಪ: ಶಿವಮೊಗ್ಗ, ಭದ್ರಾವತಿಯಲ್ಲಿ ಯಾವುದಕ್ಕೆ ಯಾರು ಹೊಣೆ?

ಶಿವಮೊಗ್ಗ: ಬೀದಿಯಲ್ಲಿ ಪೈಪ್ ಒಡೆದು ನೀರು ಹರಿಯುತ್ತಿದೆ. ಪಾಲಿಕೆಗೆ ಫೋನ್ ಮಾಡಿದರೆ ‘ಅದು ವಾಟರ್ ಬೋರ್ಡಿಗೆ ಬರುತ್ತೆ’ ಅಂತಾರೆ. ಬೋರ್ಡಿನವರು ಬಂದು ರಸ್ತೆ ಅಗೆದು ಪೈಪ್ ಸರಿ ಮಾಡ್ತಾರೆ. ಅಗೆದ ಜಾಗಕ್ಕೆ ಡಾಂಬರು ಹಾಕೋದು ಯಾರು ಅಂತ ಕೇಳಿದರೆ ಮತ್ತೆ ಪಾಲಿಕೆ ಕಡೆ ಕೈ ತೋರಿಸ್ತಾರೆ. ಇದು ಎರಡೂ ಊರುಗಳ ಜನರಿಗೆ ಹೊಸ ಅನುಭವವೇನಲ್ಲ.

ಕಾರಣ ಸರಳ. ರಸ್ತೆ, ನೀರು, ಚರಂಡಿ, ದೀಪ ಎಲ್ಲವನ್ನೂ ಒಂದೇ ಸೂರಿನಡಿ ನೋಡಿಕೊಳ್ಳುವ ಮಂಡಳಿ ಶಿವಮೊಗ್ಗದಲ್ಲೂ ಇಲ್ಲ, ಭದ್ರಾವತಿಯಲ್ಲೂ ಇಲ್ಲ. ಒಂದೇ ಬೀದಿಯ ಮೇಲೆ ಸ್ಥಳೀಯ ಸಂಸ್ಥೆ, ನೀರು ಸರಬರಾಜು ಮಂಡಳಿ, ಮೆಸ್ಕಾಂ, ಸೂಡಾ, ಲೋಕೋಪಯೋಗಿ ಇಲಾಖೆ, ನೀರಾವರಿ ನಿಗಮ ಹೀಗೆ ಐದಾರು ಕಚೇರಿಗಳಿಗೆ ಅಧಿಕಾರ ಹಂಚಿಹೋಗಿದೆ. ಯಾವುದು ಯಾರದ್ದು ಅಂತ ಗೊತ್ತಿಲ್ಲದೆ ಅರ್ಜಿ ಹಿಡಿದು ಹೊರಟರೆ ಒಂದು ದಿನದ ಕೂಲಿ, ಆಟೋ ಚಾರ್ಜು ಎರಡೂ ಹೋಗುತ್ತೆ.

ಕಾರ್ಪೊರೇಟರ್ ಇದ್ದಾಗ ಇಷ್ಟು ತಲೆಬಿಸಿ ಇರಲಿಲ್ಲ

ಮೊದಲೆಲ್ಲ ವಾರ್ಡಿನ ಜನ ಕಾರ್ಪೊರೇಟರ್ ಮನೆ ಬಾಗಿಲು ತಟ್ಟುತ್ತಿದ್ದರು. ಯಾವ ಇಲಾಖೆ, ಯಾವ ಎಂಜಿನಿಯರ್ ಅನ್ನೋದನ್ನು ಅವರೇ ನೋಡಿಕೊಳ್ಳುತ್ತಿದ್ದರು. ಕೆಲಸ ಆಗುತ್ತಿತ್ತೋ ಇಲ್ಲವೋ, ಬೈಯೋಕೆ ಒಬ್ಬರಿದ್ದರು.

ಶಿವಮೊಗ್ಗ ನಗರಸಭೆ 2013ರಲ್ಲಿ ಮಹಾನಗರ ಪಾಲಿಕೆಯಾಗಿ ಮೇಲ್ದರ್ಜೆಗೇರಿತು. 35 ವಾರ್ಡ್‌ಗಳಿಗೆ 2018ರ ಆಗಸ್ಟ್‌ನಲ್ಲಿ ಚುನಾವಣೆ ನಡೆಯಿತು. ಪಾಲಿಕೆಯ ಐದು ವರ್ಷದ ಅವಧಿ ಲೆಕ್ಕ ಹಾಕೋದು ಚುನಾವಣೆಯ ದಿನದಿಂದಲ್ಲ, ಮೊದಲ ಸಭೆಯ ದಿನದಿಂದ. ಹಾಗಾಗಿ 2023ರ ನವೆಂಬರ್‌ನಲ್ಲಿ ಅವಧಿ ಮುಗಿಯಿತು. ಅವಧಿ ಮುಗಿಯುವ ಮೊದಲೇ ಮುಂದಿನ ಚುನಾವಣೆ ಪೂರ್ಣಗೊಳ್ಳಬೇಕು ಅಂತ ಸಂವಿಧಾನದ 243ಯು ವಿಧಿ ಹೇಳುತ್ತದೆ. ಅದು ಆಗಲಿಲ್ಲ. ಪಾಲಿಕೆ ಸರ್ಕಾರ ನೇಮಿಸಿದ ಆಡಳಿತಾಧಿಕಾರಿಯ ಕೈಗೆ ಹೋಯಿತು.

ಇದರ ಪರಿಣಾಮ ಬರೀ ಮೇಯರ್ ಕುರ್ಚಿ ಖಾಲಿಯಾದದ್ದಲ್ಲ. ಪಾಲಿಕೆಯಲ್ಲಿ ತೆರಿಗೆ ಮತ್ತು ಹಣಕಾಸು, ಆರೋಗ್ಯ, ನಗರ ಯೋಜನೆ, ಲೆಕ್ಕಪತ್ರ ಅಂತ ನಾಲ್ಕು ಸ್ಥಾಯಿ ಸಮಿತಿಗಳಿರುತ್ತವೆ. ಯಾವ ರಸ್ತೆಗೆ ಮೊದಲು ದುಡ್ಡು ಇಡಬೇಕು, ಬಿಲ್ ಯಾಕೆ ಪಾಸಾಯಿತು ಅಂತ ಕೇಳುವ ಜಾಗ ಅವು. 3 ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆ ಇರುವ ಊರುಗಳಲ್ಲಿ ವಾರ್ಡ್ ಸಮಿತಿ ಕಡ್ಡಾಯ. 2011ರ ಜನಗಣತಿಯಲ್ಲಿ ಶಿವಮೊಗ್ಗದ ಜನಸಂಖ್ಯೆ 3.22 ಲಕ್ಷ. ಆದರೆ ವಾರ್ಡ್ ಸಮಿತಿಗೆ ಅಧ್ಯಕ್ಷರಾಗಬೇಕಾದವರು ಆ ವಾರ್ಡಿನ ಸದಸ್ಯರೇ. ಅವರೇ ಇಲ್ಲ ಅಂದಮೇಲೆ ಸಮಿತಿ ಕಾಗದದಲ್ಲೇ ಉಳಿಯುತ್ತದೆ. ಮಧ್ಯೆ ನಿಂತು ಕೇಳುವವರು ಇಲ್ಲದಿದ್ದಾಗ ಯಾವ ಕಚೇರಿ ಅನ್ನೋದನ್ನು ಜನರೇ ತಿಳಿದಿರಬೇಕಾಗುತ್ತದೆ.

ರಸ್ತೆ ಯಾರದು ಅಂತ ಗುರುತಿಸೋದು ಹೇಗೆ?

ಬಡಾವಣೆಯ ಒಳಗಿನ ಅಡ್ಡರಸ್ತೆ, ಮುಖ್ಯರಸ್ತೆ, ಎರಡು ಸಾಲು ಮನೆಗಳ ಹಿಂದಿನ ಕನ್ಸರ್ವೆನ್ಸಿ, ರಸ್ತೆ ಬದಿಯ ಮಳೆನೀರು ಚರಂಡಿ ಇವೆಲ್ಲ ಪಾಲಿಕೆಯವು. 1976ರ ಕರ್ನಾಟಕ ಮುನಿಸಿಪಲ್ ಕಾರ್ಪೊರೇಷನ್ ಕಾಯ್ದೆಯ 58ನೇ ಸೆಕ್ಷನ್‌ನಲ್ಲಿ ಪಾಲಿಕೆ ಮಾಡಲೇಬೇಕಾದ ಕೆಲಸಗಳ ಪಟ್ಟಿಯೇ ಇದೆ. ದುಡ್ಡಿದ್ದರೆ ಮಾಡ್ತೀವಿ ಅನ್ನೋ ಕೆಲಸಗಳಲ್ಲ ಇವು, ಕಡ್ಡಾಯ ಕರ್ತವ್ಯಗಳು.

ಹೆದ್ದಾರಿ ವಿಷಯ ಬೇರೆ. ಬಿ.ಹೆಚ್. ರಸ್ತೆ ಅಂದರೆ ಬೆಂಗಳೂರು–ಹೊನ್ನಾವರ ರಸ್ತೆ. ಶಿವಮೊಗ್ಗ, ಭದ್ರಾವತಿ ಎರಡೂ ಊರಿನ ನಡುವೆಯೇ ಹಾದುಹೋಗುವ ಈ ರಸ್ತೆ ಹಳೆಯ ರಾಷ್ಟ್ರೀಯ ಹೆದ್ದಾರಿ 206. ತೀರ್ಥಹಳ್ಳಿ ಮೇಲೆ ಮಂಗಳೂರಿಗೆ ಹೋಗುವುದು ಈಗಿನ 169. ಹೆದ್ದಾರಿಯಾಗಿರುವ ಕಡೆ ಗುಂಡಿ ಬಿದ್ದರೆ ಹೆದ್ದಾರಿ ವಿಭಾಗಕ್ಕೆ ಬರೆಯಬೇಕು. ಅದೇ ರಸ್ತೆ ಬದಿಯ ಕಸ ಮಾತ್ರ ಪಾಲಿಕೆಯದ್ದೇ. ಜಿಲ್ಲಾ ಮುಖ್ಯರಸ್ತೆ, ರಾಜ್ಯ ಹೆದ್ದಾರಿಗಳು ಲೋಕೋಪಯೋಗಿ ಇಲಾಖೆಗೆ ಸೇರಿದವು. ರೈಲ್ವೆ ಹಳಿ ಮೇಲಿನ ಸೇತುವೆಗಳಲ್ಲಿ ರೈಲ್ವೆ ಮತ್ತು ರಾಜ್ಯ ಸರ್ಕಾರ ಎರಡರ ಪಾಲೂ ಇರುತ್ತದೆ.

ಹೊಸದಾಗಿ ಡಾಂಬರು ಕಂಡ ರಸ್ತೆ ಕಿತ್ತುಹೋದರೆ ಕೇಳಬೇಕಾದ ಮೊದಲ ಪ್ರಶ್ನೆ ‘ಡಿಎಲ್‌ಪಿ ಮುಗಿದಿದೆಯಾ?’ ಅನ್ನೋದು. ಗುತ್ತಿಗೆದಾರ ಕೆಲಸ ಮುಗಿಸಿದ ಮೇಲೂ ಟೆಂಡರ್‌ನಲ್ಲಿ ಹೇಳಿರುವಷ್ಟು ಕಾಲ ಅದರ ದೋಷಕ್ಕೆ ಹೊಣೆಗಾರ. ಆ ಅವಧಿಯೊಳಗೆ ಕಿತ್ತುಹೋದರೆ ತನ್ನ ಖರ್ಚಿನಲ್ಲೇ ಸರಿ ಮಾಡಿಕೊಡಬೇಕು. ಇದನ್ನು ಕೇಳದೇ ಇದ್ದರೆ ಅದೇ ರಸ್ತೆಗೆ ಪ್ಯಾಚ್ ವರ್ಕ್ ಹೆಸರಲ್ಲಿ ಇನ್ನೊಂದು ಬಿಲ್ ಆಗುವ ಸಾಧ್ಯತೆ ಇರುತ್ತದೆ.

ನೀರು ಮಂಡಳಿಯದ್ದು, ಮೇಲಿನ ರಸ್ತೆ ಪಾಲಿಕೆಯದ್ದು

ಜನ ವಾಟರ್ ಬೋರ್ಡ್ ಅನ್ನೋದು ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಗೆ. 1973ರ ಕಾಯ್ದೆಯ ಪ್ರಕಾರ ರಚನೆಯಾದ ರಾಜ್ಯಮಟ್ಟದ ಸಂಸ್ಥೆ ಇದು. ಬೆಂಗಳೂರಿಗೆ ಬೇರೆ ಮಂಡಳಿ ಇದೆ, ಉಳಿದ ಊರುಗಳಿಗೆ ಇದೇ. ಸಾಮಾನ್ಯವಾಗಿ ಈ ಮಂಡಳಿ ಯೋಜನೆ ಕಟ್ಟಿ, ಸ್ಥಳೀಯ ಸಂಸ್ಥೆಗೆ ಒಪ್ಪಿಸಿ ಹೋಗುತ್ತದೆ. ಶಿವಮೊಗ್ಗದಲ್ಲಿ ಹಾಗಲ್ಲ, ನಗರದ ನೀರು ಸರಬರಾಜು ನಿರ್ವಹಣೆಗೆ ಮಂಡಳಿಯದ್ದೇ ಉಪವಿಭಾಗ ಇದೆ. ತುಂಗೆಯ ನೀರನ್ನು ಶುದ್ಧೀಕರಿಸಿ ಮನೆಗೆ ಬಿಡುವವರು ಅವರೇ. ಆದ್ದರಿಂದ ನೀರು ಬಂದಿಲ್ಲ, ಮಳೆಗಾಲದಲ್ಲಿ ಕೆಂಪು ನೀರು ಬಂತು, ಬಿಲ್ ಜಾಸ್ತಿ ಬಂತು ಅನ್ನೋ ದೂರುಗಳಿಗೆ ಪಾಲಿಕೆ ಕಚೇರಿ ಮೆಟ್ಟಿಲು ಹತ್ತಿ ಪ್ರಯೋಜನವಿಲ್ಲ.

ಒಳಚರಂಡಿಯಲ್ಲಿ ಗೊಂದಲ ಇನ್ನೂ ಹೆಚ್ಚು. ಯುಜಿಡಿ ಲೈನ್ ಹಾಕುವ ಕಾಮಗಾರಿ ಮಂಡಳಿಯದ್ದು. ಹಾಕಿದ್ದು ಪಾಲಿಕೆಗೆ ಹಸ್ತಾಂತರ ಆಗಿದೆಯಾ ಅನ್ನೋದರ ಮೇಲೆ ದೂರು ಎಲ್ಲಿಗೆ ಅನ್ನೋದು ನಿಂತಿದೆ. ಒಂದು ವಿಷಯದಲ್ಲಿ ಮಾತ್ರ ಗೊಂದಲಕ್ಕೆ ಜಾಗವೇ ಇಲ್ಲ. ಮ್ಯಾನ್‌ಹೋಲ್ ಅಥವಾ ಮನೆಯ ಪಿಟ್ ಕಟ್ಟಿಕೊಂಡರೆ ಸುರಕ್ಷತಾ ಸಾಧನವಿಲ್ಲದೆ ಮನುಷ್ಯರನ್ನು ಇಳಿಸುವುದು 2013ರ ಕಾಯ್ದೆ ಪ್ರಕಾರ ಅಪರಾಧ. ಮೊದಲ ಸಲಕ್ಕೇ 2 ವರ್ಷದವರೆಗೆ ಜೈಲು ಅಥವಾ 2 ಲಕ್ಷ ರೂ.ವರೆಗೆ ದಂಡ, ಇಲ್ಲವೇ ಎರಡೂ. ಪಾಲಿಕೆಗೆ ಮಾತ್ರವಲ್ಲ, ‘ಐನೂರು ಕೊಡ್ತೀನಿ, ಇಳಿದು ನೋಡಪ್ಪ’ ಅನ್ನುವ ಮನೆ ಮಾಲೀಕರಿಗೂ ಇದು ಅನ್ವಯ. ಯಂತ್ರ ಕಳಿಸಿ ಅಂತಲೇ ಕೇಳಬೇಕು. ಬರೋದು ಎರಡು ದಿನ ತಡವಾದರೂ ಪರವಾಗಿಲ್ಲ.

ಬೀದಿ ದೀಪದ ಕಥೆ ಚಿಕ್ಕದು. ಕಂಬ, ತಂತಿ, ಟಿಸಿ ಮೆಸ್ಕಾಂನದು, ಬಲ್ಬು ಮತ್ತು ಕರೆಂಟ್ ಬಿಲ್ ಪಾಲಿಕೆಯದು. ದೀಪ ಮಾತ್ರ ಉರಿಯದಿದ್ದರೆ ಪಾಲಿಕೆ ಅಥವಾ ನಗರಸಭೆ. ತಂತಿ ಜೋತುಬಿದ್ದಿದ್ದರೆ, ಕಂಬ ವಾಲಿದ್ದರೆ, ಟಿಸಿ ಸುಟ್ಟರೆ ಮೆಸ್ಕಾಂನ 1912. ಇದು ತಡಮಾಡುವ ವಿಷಯವಲ್ಲ, ಮಳೆಗಾಲದಲ್ಲಂತೂ ಅಲ್ಲವೇ ಅಲ್ಲ.

ಸೂಡಾ ಬಡಾವಣೆಯವರ ಪಾಡು

ನಿಜವಾದ ಸಿಕ್ಕು ಇರೋದು ಹೊಸ ಬಡಾವಣೆಗಳಲ್ಲಿ. ಸೂಡಾ ಅಂದರೆ ಶಿವಮೊಗ್ಗ–ಭದ್ರಾವತಿ ನಗರಾಭಿವೃದ್ಧಿ ಪ್ರಾಧಿಕಾರ. ಹೆಸರಲ್ಲೇ ಇರುವಂತೆ ಎರಡೂ ಊರಿಗೆ ಒಂದೇ ಪ್ರಾಧಿಕಾರ. ಇಂಥ ಸಂಸ್ಥೆಗಳಿಗೆ ನಮ್ಮಲ್ಲಿ ಹಳೆಯ ಇತಿಹಾಸವಿದೆ. ಪ್ಲೇಗ್ ಕಂಡ ಮೈಸೂರಿನಲ್ಲಿ 1903ರಲ್ಲೇ ನಗರ ಸುಧಾರಣಾ ಟ್ರಸ್ಟ್ ಬೋರ್ಡ್ ಆರಂಭವಾಗಿತ್ತು. 1987ರ ನಗರಾಭಿವೃದ್ಧಿ ಪ್ರಾಧಿಕಾರಗಳ ಕಾಯ್ದೆ ಬಂದ ಮೇಲೆ ಬೇರೆ ಬೇರೆ ಊರುಗಳಲ್ಲಿ ಈಗಿನ ರೂಪದ ಪ್ರಾಧಿಕಾರಗಳಾದವು.

ಸೂಡಾ ಕೆಲಸ ಎರಡು ಬಗೆ. ಒಂದು, ಊರಿನ ಮಹಾಯೋಜನೆ ಮಾಡಿ ಖಾಸಗಿಯವರ ಲೇಔಟ್ ನಕ್ಷೆಗೆ ಅನುಮೋದನೆ ಕೊಡೋದು. ಇನ್ನೊಂದು, ತಾನೇ ಜಮೀನು ಪಡೆದು ಬಡಾವಣೆ ಮಾಡಿ ನಿವೇಶನ ಹಂಚೋದು. ಮಲ್ಲಿಗೇನಹಳ್ಳಿಯ ವಾಜಪೇಯಿ ಬಡಾವಣೆ, ಊರುಗಡೂರಿನ ಬಡಾವಣೆ ಎರಡನೇ ಬಗೆಯವು. ಬಡಾವಣೆ ಮಾಡುವಾಗ ರಸ್ತೆ, ಚರಂಡಿ, ಯುಜಿಡಿ, ನೀರಿನ ಟ್ಯಾಂಕ್, ಪಾರ್ಕ್, ಕಂಬ ಎಲ್ಲ ಸೂಡಾ ಖರ್ಚು. ಪೂರ್ಣಗೊಂಡ ಮೇಲೆ ಪಾಲಿಕೆಗೆ ಹಸ್ತಾಂತರ.

ಈ ‘ಹಸ್ತಾಂತರ’ ಅನ್ನೋ ಒಂದು ಪದದಲ್ಲೇ ಎಷ್ಟೋ ಕುಟುಂಬಗಳ ಹತ್ತಾರು ವರ್ಷ ಸಿಕ್ಕಿಕೊಂಡಿರುತ್ತದೆ. ಕೆಲಸ ಪೂರ್ತಿ ಆಗಿಲ್ಲ ಅಂತ ಸ್ಥಳೀಯ ಸಂಸ್ಥೆ ತೆಗೆದುಕೊಳ್ಳೋದಿಲ್ಲ, ಆಗಿದೆ ಅಂತ ಬಡಾವಣೆ ಮಾಡಿದವರು ಮತ್ತೆ ದುಡ್ಡು ಹಾಕೋದಿಲ್ಲ. ನಡುವೆ ಪಾರ್ಕಿನಲ್ಲಿ ಎದೆಯುದ್ದ ಗಿಡ, ರಸ್ತೆಯಲ್ಲಿ ಕತ್ತಲು. ಖಾಸಗಿ ಲೇಔಟ್‌ನಲ್ಲಿ ಇನ್ನೂ ಕಷ್ಟ. ಸೈಟು ಮಾರಿದ ಮೇಲೆ ಮಾಲೀಕರು ಮತ್ತೆ ಸಿಗೋದು ಅಪರೂಪ.

ಸೈಟು ಕೊಳ್ಳುವ ಮುಂಚೆ ಕೇಳಬೇಕಾದ್ದು ಹಾಗಾಗಿ ದರ ಮಾತ್ರವಲ್ಲ. ಲೇಔಟಿಗೆ ಅಂತಿಮ ಅನುಮೋದನೆ ಸಿಕ್ಕಿದೆಯಾ, ರಸ್ತೆ ಮತ್ತು ಪಾರ್ಕ್ ಜಾಗವನ್ನು ಪರಿತ್ಯಾಜನಾ ಪತ್ರ ಮಾಡಿ ಬಿಟ್ಟುಕೊಟ್ಟಿದ್ದಾರಾ, ಬಡಾವಣೆ ಪಾಲಿಕೆಗೆ ಹಸ್ತಾಂತರವಾಗಿದೆಯಾ, ಖಾತೆ ಯಾವ ಕಚೇರಿಯಲ್ಲಿ ಆಗುತ್ತೆ ಅನ್ನೋದನ್ನು ಕಾಗದದಲ್ಲೇ ನೋಡಬೇಕು. ಪಾಲಿಕೆ ಗಡಿ ದಾಟಿ ಅಬ್ಬಲಗೆರೆ ಕಡೆ ಸೈಟು ಮಾಡಿದ್ದರೆ ನೋಡಿಕೊಳ್ಳಬೇಕಾದ್ದು ಗ್ರಾಮ ಪಂಚಾಯಿತಿ. ‘ಶಿವಮೊಗ್ಗ ಸಿಟಿಯಲ್ಲೇ ಇದೆ’ ಅನ್ನೋ ಬ್ರೋಕರ್ ಮಾತಿನಿಂದ ಕಸದ ಗಾಡಿ ಬರೋದಿಲ್ಲ.

ಸ್ಮಾರ್ಟ್ ಸಿಟಿ ಮುಗಿದ ಮೇಲೆ

ಶಿವಮೊಗ್ಗ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ್ದು 2016ರ ಸೆಪ್ಟೆಂಬರ್‌ನಲ್ಲಿ. ಕೆಲಸ ಮಾಡಿದ್ದು ಪಾಲಿಕೆಯಲ್ಲ, ರಾಜ್ಯ ಸರ್ಕಾರ ಮತ್ತು ಪಾಲಿಕೆ ಸಮಪಾಲಿನ ‘ಶಿವಮೊಗ್ಗ ಸ್ಮಾರ್ಟ್ ಸಿಟಿ ಲಿಮಿಟೆಡ್’ ಎಂಬ ಕಂಪನಿ. ಕೇಬಲ್‌ಗಳನ್ನು ನೆಲದಡಿ ಹಾಕಿದ ರಸ್ತೆಗಳು, ಫುಟ್‌ಪಾತ್, ತುಂಗಾ ತೀರದ ಅಭಿವೃದ್ಧಿ ಇದರವು. ಕೇಂದ್ರದ ಸ್ಮಾರ್ಟ್ ಸಿಟಿ ಮಿಷನ್ 2025ರ ಮಾರ್ಚ್ 31ಕ್ಕೆ ಮುಗಿಯಿತು. ಕಟ್ಟಿದ್ದನ್ನು ಕಾಯುವ ಭಾರ ಈಗ ಪಾಲಿಕೆ ಹೆಗಲಿಗೆ, ಅಂದರೆ ಮನೆ ಕಂದಾಯ ಕಟ್ಟುವವರ ಹೆಗಲಿಗೆ.

ಮಳೆ ಬಂದಾಗ ಇನ್ನೊಬ್ಬ ಹೊಣೆಗಾರ ನೆನಪಾಗುತ್ತಾನೆ. ಊರಿನೊಳಗೆ ಹಾದುಹೋಗುವ ತುಂಗಾ ನಾಲೆಗಳು ಪಾಲಿಕೆಯವಲ್ಲ, ನೀರಾವರಿ ಇಲಾಖೆಯವು. 2019ರ ಆಗಸ್ಟ್‌ನಲ್ಲಿ ನದಿಯೂ ನಾಲೆಯೂ ಉಕ್ಕಿ ತಗ್ಗು ಬಡಾವಣೆಗಳಿಗೆ ನೀರು ನುಗ್ಗಿದಾಗ ಇದು ಎಲ್ಲರಿಗೂ ಗೊತ್ತಾಯಿತು. ಚರಂಡಿ ಹೂಳು ತೆಗೆಸಲು ಪಾಲಿಕೆ, ನಾಲೆ ಹೂಳು ತೆಗೆಸಲು ನೀರಾವರಿ ಕಚೇರಿ. ಎರಡೂ ಅರ್ಜಿಯನ್ನು ಮೇ ತಿಂಗಳೊಳಗೇ ಕೊಡಬೇಕು, ನೀರು ಹೊಸ್ತಿಲಿಗೆ ಬಂದ ಮೇಲಲ್ಲ.

ಭದ್ರಾವತಿ ಲೆಕ್ಕವೇ ಬೇರೆ

ಭದ್ರಾವತಿಯದು ನಗರಸಭೆ, 1964ರ ಪೌರಸಭೆಗಳ ಕಾಯ್ದೆಯಡಿ ನಡೆಯುವಂಥದ್ದು. 2011ರಲ್ಲಿ ಜನಸಂಖ್ಯೆ 1.51 ಲಕ್ಷ. 2021ರ ಏಪ್ರಿಲ್‌ನಲ್ಲಿ, ಕೊರೊನಾ ಎರಡನೇ ಅಲೆಯ ನಡುವೆಯೇ ಇಲ್ಲಿ ಚುನಾವಣೆ ನಡೆಯಿತು. ಕುಡಿಯುವ ನೀರು ಭದ್ರೆಯದು, ದೂರು ನಗರಸಭೆಗೇ.

ಆದರೆ ಊರಿನ ದೊಡ್ಡ ಭಾಗ ಬೆಳೆದದ್ದು ನಗರಸಭೆಯಿಂದಲ್ಲ, ಕಾರ್ಖಾನೆಯಿಂದ. 1923ರಲ್ಲಿ ಕಬ್ಬಿಣ ತೆಗೆಯಲು ಆರಂಭಿಸಿದ ಮೈಸೂರು ಸರ್ಕಾರದ ಕಾರ್ಖಾನೆಯೇ ಇಂದಿನ ವಿಐಎಸ್‌ಎಲ್. 1930ರ ದಶಕದಲ್ಲಿ ಎಂಪಿಎಂ ಬಂತು. ಕ್ವಾರ್ಟರ್ಸ್‌ಗಳ ರಸ್ತೆ, ನೀರು, ದೀಪ ಎಲ್ಲ ಕಾರ್ಖಾನೆಯವರೇ ನೋಡಿಕೊಳ್ಳುತ್ತಿದ್ದರು. ನ್ಯೂಟೌನ್, ಪೇಪರ್ ಟೌನ್ ಜನಕ್ಕೆ ನಗರಸಭೆಯ ಅವಶ್ಯಕತೆಯೇ ಅಷ್ಟಾಗಿ ಇರಲಿಲ್ಲ.

2015ರಲ್ಲಿ ಎಂಪಿಎಂ ಉತ್ಪಾದನೆ ನಿಂತಿತು. 2023ರ ಜನವರಿಯಲ್ಲಿ ವಿಐಎಸ್‌ಎಲ್ ಮುಚ್ಚುವ ನಿರ್ಧಾರ ಹೊರಬಿತ್ತು. ಕಾರ್ಮಿಕರು ಬೀದಿಗಿಳಿದರು, ಅದೇ ವರ್ಷ ಬಾರ್ ಮಿಲ್ ಮತ್ತೆ ಶುರುವಾಯಿತು. ಉದ್ಯೋಗದ ಆತಂಕದ ಜೊತೆ ಇನ್ನೊಂದು ಆತಂಕವೂ ಇಲ್ಲಿದೆ. ಕಂಪನಿಯ ಆಸ್ತಿಯಾಗಿರುವ ರಸ್ತೆಗೆ ನಗರಸಭೆ ನೇರವಾಗಿ ಹಣ ಹಾಕೋದು ಸುಲಭವಲ್ಲ. ನಷ್ಟದಲ್ಲಿರುವ ಕಂಪನಿ ರಸ್ತೆಗೆ ಖರ್ಚು ಮಾಡೋದೂ ಇಲ್ಲ. ಕ್ವಾರ್ಟರ್ಸ್‌ನಲ್ಲಿರುವವರು ಅರ್ಜಿ ಕೊಡುವಾಗ ಕಾರ್ಖಾನೆಯ ಟೌನ್‌ಶಿಪ್ ಕಚೇರಿಗೆ ಒಂದು, ನಗರಸಭೆಗೆ ಒಂದು ಪ್ರತಿ ಕೊಡುವುದೇ ಜಾಣತನ.

ಭದ್ರೆಯ ಹೊಸ ಸೇತುವೆ ವಿಷಯವನ್ನು ಸ್ಥಳೀಯರಿಗೆ ಹೇಳಬೇಕಿಲ್ಲ. ಡ್ಯಾಮಿನಿಂದ ಹೆಚ್ಚು ನೀರು ಬಿಟ್ಟಾಗ ಮುಳುಗೋದು ಹೊಸದು, ಗಟ್ಟಿಯಾಗಿ ನಿಲ್ಲೋದು ಹಳೆಯದು. ನೀರು ಬಿಡುವ ನಿರ್ಧಾರ ನೀರಾವರಿ ನಿಗಮದ್ದು, ಕವಲಗುಂದಿಯಂಥ ತಗ್ಗು ಪ್ರದೇಶದವರನ್ನು ಸ್ಥಳಾಂತರಿಸೋದು ತಾಲೂಕು ಆಡಳಿತ ಮತ್ತು ನಗರಸಭೆ ಕೆಲಸ.

ದೂರು ಕೊಡೋದು ಹೇಗೆ?

ಬಾಯಿಮಾತಿನ ದೂರಿಗೆ ಲೆಕ್ಕವಿಲ್ಲ. ಬರೆದು ಕೊಟ್ಟು, ಟಪಾಲು ವಿಭಾಗದಲ್ಲಿ ಸೀಲು ಹಾಕಿಸಿ ಒಂದು ಪ್ರತಿ ಇಟ್ಟುಕೊಳ್ಳಬೇಕು. ಸ್ಥಳೀಯ ಸಂಸ್ಥೆಗಳಿಗೆ ಸಂಬಂಧಿಸಿದ್ದಾದರೆ ಪೌರಾಡಳಿತ ಇಲಾಖೆಯ ‘ಜನಹಿತ’ ಆ್ಯಪ್‌ನಲ್ಲೂ ಫೋಟೋ ಸಮೇತ ಹಾಕಬಹುದು. ‘ಅದು ನಮಗೆ ಬರಲ್ಲ’ ಅಂದರೆ, ಹಾಗಂತಲೇ ಹಿಂಬರಹ ಬರೆದುಕೊಡಿ ಅಂತ ಕೇಳಬೇಕು. ಬರೆದುಕೊಟ್ಟರೆ ಮುಂದಿನ ಕಚೇರಿ ಯಾವುದು ಅಂತ ಗೊತ್ತಾಗುತ್ತೆ. ಬರೆದುಕೊಡಲು ಹಿಂದೇಟು ಹಾಕಿದರೆ ಆ ಕೆಲಸ ಬಹುತೇಕ ಅವರದ್ದೇ ಇರುತ್ತೆ.

ಅದಕ್ಕೂ ಉತ್ತರ ಬರದಿದ್ದರೆ ಮಾಹಿತಿ ಹಕ್ಕು ಇದೆ. ಶುಲ್ಕ 10 ರೂ., ಉತ್ತರಕ್ಕೆ 30 ದಿನ. ರಸ್ತೆ ಕಾಮಗಾರಿ ಬಗ್ಗೆಯಾದರೆ ಅಂದಾಜು ಪಟ್ಟಿ, ಅಳತೆ ಪುಸ್ತಕದ ಪ್ರತಿ, ದೋಷ ಹೊಣೆಗಾರಿಕೆ ಅವಧಿ ಈ ಮೂರನ್ನು ಕೇಳಿದರೆ ಸಾಕು. ಕರ್ನಾಟಕದ ನಿಯಮದ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು. ಊರಿನ ಕಷ್ಟವನ್ನೆಲ್ಲ ಒಂದೇ ಹಾಳೆಯಲ್ಲಿ ತುಂಬಿಸಿದ ಅರ್ಜಿ ಇದೇ ಕಾರಣಕ್ಕೆ ವಾಪಸ್ ಬರಬಹುದು.