ಪ್ರೆಸ್ಟನ್ ಸ್ಟರ್ಜಿಸ್: ಚಲಚ್ಚಿತ್ರದಲ್ಲಿ ಕರ್ತೃವಿನ ಅಧಿಕಾರ

ಕೃತಿಯನ್ನು ರಚಿಸಿದವನಿಗೆ ಅದರ ಪ್ರಯೋಗದಲ್ಲಿ ಅಧಿಕಾರವೆಷ್ಟು? ಅಮೆರಿಕದ ಚಲಚ್ಚಿತ್ರಗಳ ಮಟ್ಟಿಗೆ ಈ ಪ್ರಶ್ನೆಯನ್ನು ವಿಚಾರಮಾಡುವವರಿಗೆ ಪ್ರೆಸ್ಟನ್ ಸ್ಟರ್ಜಿಸನ (1898–1959) ಚರಿತ್ರೆಯು ಉತ್ತಮ ನಿದರ್ಶನವಾಗಿದೆ.

ಷಿಕಾಗೋ ನಗರದಲ್ಲಿ ಹುಟ್ಟಿದ ಈತನು 1929ರಲ್ಲಿ ನ್ಯೂಯಾರ್ಕಿನ ರಂಗಭೂಮಿಯ ಮೇಲೆ ‘ಸ್ಟ್ರಿಕ್ಟ್‌ಲಿ ಡಿಸಾನರಬಲ್’ ಎಂಬ ಹಾಸ್ಯನಾಟಕದಿಂದ ಪ್ರಸಿದ್ಧನಾಗಿ, ಅನಂತರ ಹಾಲಿವುಡ್ಡಿನಲ್ಲಿ ಚಿತ್ರಕಥೆಗಳನ್ನು ಬರೆಯತೊಡಗಿದನು. ಅಲ್ಲಿ ಲೇಖಕನು ವೇತನಕ್ಕೆ ಬರೆಯುವವನು; ಬರೆದುದರ ಮೇಲೆ ಅವನಿಗೆ ಸ್ವಾಮ್ಯವಿಲ್ಲ. ಒಬ್ಬನು ಬರೆದುದನ್ನು ಮತ್ತೊಬ್ಬನು ತಿದ್ದುವುದು ವಾಡಿಕೆಯಾಗಿತ್ತು. ಆದುದರಿಂದ ಸ್ಟರ್ಜಿಸನು ‘ದಿ ಗ್ರೇಟ್ ಮೆಗಿಂಟಿ’ಯ ಕಥೆಯನ್ನು, ತಾನೇ ಅದನ್ನು ನಿರ್ದೇಶಿಸಬೇಕೆಂಬ ನಿಬಂಧನೆಯ ಮೇಲೆ, ಕೇವಲ 10 ಡಾಲರುಗಳಿಗೆ ಪ್ಯಾರಮೌಂಟ್ ಸಂಸ್ಥೆಗೆ ಕೊಟ್ಟನು. 1940ರ ಆ ಚಿತ್ರಕ್ಕೆ, ಸ್ವತಂತ್ರ ಚಿತ್ರಕಥೆಗಾಗಿ ಹೊಸದಾಗಿ ಏರ್ಪಟ್ಟ ಅಕಾಡೆಮಿ ಪ್ರಶಸ್ತಿಯು ಮೊತ್ತಮೊದಲು ದೊರೆಯಿತು.

‘ದಿ ಲೇಡಿ ಈವ್’ (1941) ಮೊದಲಾದ ಚಿತ್ರಗಳಲ್ಲಿ ಮಾತಿನ ಚಾತುರ್ಯವೂ ಪ್ರಹಸನದ ಓಟವೂ ಒಂದಾಗಿವೆ. ಅದೇ ವರ್ಷದ ‘ಸಲಿವನ್ಸ್ ಟ್ರಾವೆಲ್ಸ್’ ಚಿತ್ರದಲ್ಲಿ, ಜನರ ದುಃಖವನ್ನು ಚಿತ್ರಿಸಹೊರಟ ನಿರ್ದೇಶಕನೊಬ್ಬನು ಸೆರೆಯಾಳುಗಳ ನಡುವೆ ಕುಳಿತು ನಕ್ಕಾಗ ಹಾಸ್ಯರಸದ ಬೆಲೆಯನ್ನು ಅರಿಯುತ್ತಾನೆ.

ಈ ಅಧಿಕಾರವು ಬಹುಕಾಲ ನಿಲ್ಲಲಿಲ್ಲ. ‘ದಿ ಗ್ರೇಟ್ ಮೊಮೆಂಟ್’ (1944) ಚಿತ್ರವನ್ನು ಸಂಸ್ಥೆಯು ಕರ್ತೃವಿನ ಸಮ್ಮತಿಯಿಲ್ಲದೆ ಕತ್ತರಿಸಿ ಬೇರೆಯಾಗಿ ಜೋಡಿಸಿತು. ಅವನು ಪ್ಯಾರಮೌಂಟನ್ನು ಬಿಟ್ಟನು. ಆದರೂ ಅವನು ತೆರೆದ ಮಾರ್ಗವು ಮುಚ್ಚಲಿಲ್ಲ. ಚಿತ್ರಕಥೆಗಾರರಾಗಿದ್ದ ಜಾನ್ ಹ್ಯೂಸ್ಟನ್ 1941ರಲ್ಲಿಯೂ ಬಿಲ್ಲಿ ವೈಲ್ಡರ್ 1942ರಲ್ಲಿಯೂ ಹಾಲಿವುಡ್ಡಿನಲ್ಲಿ ನಿರ್ದೇಶಕಪದವಿಯನ್ನೇರಿದರು.